ಸಂದು

ಬಲಗಾಲು ಮುಂದಕ್ಕಿಡವ್ವ.
ಭಾರ ಬುಡು ಅದ್ರ ಮೇಲೆ, ಹಂಗೇ ನಿಲ್ಲು.
ಇಷ್ಟು ಹೇಳಿ ಸೀಸದ ತಡಿಕೆಯ ಹಿಂದೆ ಸರಿಯುತ್ತೇನೆ.
ಒಂದು ಗುಂಡಿ, ಒಂದು ಟಿಕ್ಕು.
ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ,
ಮಂಡ್ಯದ ದೊಡ್ಡಾಸ್ಪತ್ರೆ, ಹದಿನಾಲ್ಕನೇ ನಂಬರಿನ ಕೋಣೆ.

ಮೊದಮೊದಲು ಬರುತ್ತಿದ್ದವು ಮುರಿದ ಮೂಳೆಗಳು:
ಗಾಡಿ ಮಗುಚಿದ್ದು, ತೆಂಗಿನಮರದಿಂದ ಬಿದ್ದದ್ದು,
ಹೈವೇಯಲ್ಲಿ ಲೂನಾ ಸಮೇತ ಹಾರಿದ್ದು.
ಮುರಿದದ್ದಕ್ಕೆ ಒಂದು ತಾರೀಖು ಇರುತ್ತದೆ.
ಈಗ ಬರುವವು ಸವೆದವು.
ಯಾವಾಗಿಂದ ನೋವು ಎಂದರೆ
ಸುಮ್ಮನೆ ಗೋಡೆ ನೋಡುತ್ತಾರೆ.

ಬೆಲ್ಲದ ಮಂಡಿಯಲ್ಲಿ ಮೂಟೆ ಹೊತ್ತ ಚಿಕ್ಕಬೋರಯ್ಯ
ಚೀಟಿ ಕೊಡುತ್ತ ನಕ್ಕ:
"ಮಂಡಿ ಕೊಟ್ಟ ದುಡ್ಡು ಮಂಡಿಗೇ ಹೋಯ್ತದೆ, ಬುಡಿ."

ಮೊನ್ನೆ ಡಾಕ್ಟರು ಟೀ ಕುಡಿಯುತ್ತ ಹೇಳಿದರು,
ಲೋಕದಲ್ಲಿ ಇಂಥವರು ಅರವತ್ತು ಕೋಟಿಯಂತೆ,
ಇನ್ನೂ ಏರುತ್ತದಂತೆ.
ಕೋಟಿ ನನಗೆ ತಿಳಿಯದು. ಗೊತ್ತಿರುವುದು ಬೆಂಚು.
ಮೊದಲು ಒಂದಿತ್ತು. ಆಮೇಲೆ ಮೂರು.
ಈಗ ಮೆಟ್ಟಿಲ ಮೇಲೂ ಕೂತಿರುತ್ತಾರೆ
ಮೆಟ್ಟಿಲು ಹತ್ತಲಾರದವರು.
ಜಪಾನಿನಲ್ಲೋ ಬ್ರೆಜಿಲಿನಲ್ಲೋ ನನ್ನಂಥವನೊಬ್ಬ
ಅವನ ಭಾಷೆಯಲ್ಲಿ
ಭಾರ ಬಿಡಿ, ಹಾಗೇ ನಿಲ್ಲಿ, ಎನ್ನುತ್ತಿರಬಹುದು.

ಕೀಲಾರದ ಸಣ್ಣತಾಯಮ್ಮ ಬಂದದ್ದು ನಾಟಿಯ ನಡುವೆ,
ನಾಲೆಗೆ ನೀರು ಬಿಟ್ಟ ಎಂಟನೇ ದಿನ.
ಕಾಲ್ಬೆರಳ ಸಂದಿಯಲ್ಲಿ ಇನ್ನೂ ಕೆಸರು,
ಮಂಡಿಯ ಮೇಲೆ ಹರಳೆಣ್ಣೆ, ಎಕ್ಕದೆಲೆ ಕಾಯಿಸಿಟ್ಟ ಕಲೆ.
ಊರ ಹೆಸರಲ್ಲೇ ಕೀಲು ಅದಲ್ಲವ್ವಾ, ಎಂದೆ.
ನಗಲಿಲ್ಲ.
ಫಿಲ್ಮು ಬಂದಾಗ ಕೇಳಿದಳು, ತೋರ್ಸಪ್ಪಾ ನಂಗೂ.

ತೋರಿಸಬಾರದು, ಅದು ಡಾಕ್ಟರ ಕೆಲಸ. ತೋರಿಸಿದೆ.
ಕಿಟಕಿಯ ಬೆಳಕಿಗೆ ಹಿಡಿದು:
ಇದು ತೊಡೆಯ ಮೂಳೆ, ಇದು ಕೆಳಗಿನದು,
ನಡುವೆ ಒಂದು ಸಂದು ಇರಬೇಕು, ಕಪ್ಪಗೆ,
ಭತ್ತದ ಕಾಳು ಅಡ್ಡ ಇಟ್ಟರೆ ಎಷ್ಟೋ ಅಷ್ಟು.
ನಿಮ್ಮದರಲ್ಲಿ ಮುಚ್ಚಿಹೋಗಿದೆ.

ತುಂಬ ಹೊತ್ತು ನೋಡಿದಳು.
ಆಮೇಲೆ, ನನ್ನನ್ನಲ್ಲ, ಆ ಫಿಲ್ಮನ್ನು ಕೇಳಿದಳು:
"ಐವತ್ತೊರ್ಸ ಪೈರಿಂದ ಪೈರಿಗೆ
ಗೇಣು ಸಂದು ಬುಟ್ಟೇ ನೆಟ್ಟಿವ್ನಿ.
ಒತ್ತೊತ್ತಾಗ್ ನೆಟ್ರೆ ಉಸ್ರಾಡಕಾಯ್ತದಾ ಅಂತ
ಸೊಸೇರ್ಗೂ ಬೈದಿವ್ನಿ.
ನನ್ ಮೂಳೆಗೆ ಒಂದ್ ಕಾಳ್ನಷ್ಟು ಬುಡಕ್ಕೆ
ಯಾರ್ಗೂ ಆಗ್ನಿಲ್ವಾ?"

ಮುಂದಿನ ನಂಬರು ಕೂಗಿದೆ.

ಡಾಕ್ಟರು ಬರೆದುಕೊಟ್ಟರು:
ಕುಕ್ಕರುಗಾಲಲ್ಲಿ ಕೂರಬೇಡಿ. ನೆಲದ ಮೇಲೆ ಉಣ್ಣಬೇಡಿ.
ತಲೆಹೊರೆ ಹೊರಬೇಡಿ. ಗದ್ದೆಗೆ ಇಳಿಯಬೇಡಿ.
ಎರಡು ಕಾಲಿಗೆ ನಾಲ್ಕು ಬೇಡಿ.
ಕೆಳಗೆ ವ್ಯಾಯಾಮದ ಚಿತ್ರ,
ಕುರ್ಚಿಯಲ್ಲಿ ಕೂತ ಹೆಂಗಸು ಕಾಲು ಚಾಚಿದ್ದಾಳೆ.
ಸಣ್ಣತಾಯಮ್ಮ ಕುರ್ಚಿಯನ್ನೇ ನೋಡಿದಳು:
"ನಮ್ಮನೇಲೂ ಒಂದದೆ. ಟೀವಿ ಮಡ್ಗಿವ್ನಿ."
ನಾಟಿ ಮುಗಿಸ್ಕಂಡು ಬತ್ತೀನಿ ಎಂದು
ಗೋಡೆ ಹಿಡಿದು ಹೊರಟಳು,
ಬಲಗಾಲು ಆಮೇಲೆ, ಎಡಗಾಲು ಮೊದಲು.

ಸಂಜೆ ಬಸ್ಸಿನ ಕಿಟಕಿಗೆ ಗದ್ದೆಗಳು ಬಂದವು.
ಹೊಸ ಪೈರು ಇನ್ನೂ ತಲೆ ಎತ್ತಿಲ್ಲ.
ಪೈರಿಗೂ ಪೈರಿಗೂ ನಡುವೆ
ಗೇಣಗಲ ನೀರು,
ನೀರೊಳಗೆ ಗೇಣಗಲ ಆಕಾಶ.
ಯಾರೋ ಬಗ್ಗಿ, ಬಗ್ಗಿ,
ಬಿಟ್ಟುಕೊಟ್ಟ ಜಾಗ.