ಸುಣ್ಣ

ಓತಿಕ್ಯಾತ ನನ್ನ ಮೈದುನನದು.
ಹುಳ ನನ್ನವು.

ಹೆಗಲ ಮೇಲೆ ಅದನ್ನು ಕೂರಿಸಿಕೊಂಡೇ ಕೊಟ್ರೇಶ
ಜೀನ್ಸಿಗೆ ಗುಂಡಿ ಹೊಡೆಯುತ್ತಾನೆ,
ಕೌಲ್ ಬಜಾರಿನ ಹುಡುಗರೆಲ್ಲ ಬಾಗಿಲಿಗೆ ನೆರೆಯುವಂತೆ.
ಹುಳದ ಒಂದು ಕಾಲು ಅಂಗೈಗೆ ತಾಗಿದರೆ ಮಾತ್ರ
"ಅತ್ತಿಗೇ" ಅಂತ ಕೂಗು.

ಹೆಸರು ಜಮಾದಾರ. ಸಿಟ್ಟು ಬಂದರೆ ಗಡ್ಡ ಕಪ್ಪಾಗುತ್ತದೆ,
ಇಲ್ಲದಾಗ ಮುಂಗಾಲೊಂದನ್ನು ಮೆಲ್ಲಗೆ ಎತ್ತಿ
ಹಾಜರಿ ಹೇಳುವ ಹುಡುಗನಂತೆ ಇಳಿಸುತ್ತಾನೆ.
ಬಿಸಿಗೆ ಬಲ್ಬು ಬೇಕು ಅಂದಿದ್ದ
ಅಕ್ವೇರಿಯಂ ಅಂಗಡಿಯ ಖಾಜಾವಲಿ.
ತಂದದ್ದು ಏಪ್ರಿಲ್ಲಿನಲ್ಲಿ. ಬಲ್ಬಿನ ಸುದ್ದಿ ಕೇಳಿ ಅತ್ತೆ ನಕ್ಕದ್ದು
ಬಳ್ಳಾರಿ ಪೂರ್ತಿ ನಕ್ಕಂತಿತ್ತು.

ಮೊಟ್ಟೆ ಎಂದೂ ಹೊಸ್ತಿಲು ದಾಟದ ಮನೆ.
ಮೊಟ್ಟೆಯ ಟ್ರೇ ಬಂತು, ಖಾಲಿ,
ಗುಳಿಗುಳಿಯಲ್ಲೂ ಮೀಸೆ ಆಡಿಸುವ ಚಿಮ್ಮಂಡಿ.
"ಏನದು ಕರಕರ?" ಕೇಳಿದರು ಅತ್ತೆ.
"ಮಷೀನು" ಅಂದೆ. ಅವರ ಕಣ್ಣಿಗೆ ಪೊರೆ.

ತಿನ್ನಿಸುವ ಮುಂಚೆ ಅವಕ್ಕೂ ತಿನ್ನಿಸಬೇಕು:
ಜೋಳದ ಹಿಟ್ಟು, ಗಜ್ಜರಿ ಸಿಪ್ಪೆ, ಮೆಂತ್ಯೆಯ ಕಡ್ಡಿ.
ನೀರಿಗೆ ಒದ್ದೆ ಹತ್ತಿ; ಬಟ್ಟಲಿಟ್ಟರೆ ಮುಳುಗಿ ಸಾಯುತ್ತವೆ.
ಆಮೇಲೆ ಹತ್ತು ಎಣಿಸಿ, ಡಬ್ಬಿಗೆ ಹಾಕಿ,
ಕ್ಯಾಲ್ಸಿಯಂ ಪುಡಿ ಉದುರಿಸಿ ಕುಲುಕಬೇಕು.
ಎಲುಬಿಗೆ ಒಳ್ಳೆಯದು. ತಿನ್ನುವವನ ಎಲುಬಿಗೆ.
ಮುಚ್ಚಳ ತೆಗೆದರೆ ಮೈತುಂಬ ವಿಭೂತಿ ಬಳಿದುಕೊಂಡು
ಆಗಷ್ಟೇ ದೀಕ್ಷೆಯಾದವರ ಹಾಗೆ ತೆಪ್ಪಗೆ ಕೂತಿದ್ದವು.
ಮೊದಲ ಸಲ ನನ್ನ ಕೈ ಕೊರಳ ಕರಡಿಗೆಗೆ ಹೋಯಿತು.
ನಾಲಿಗೆ ಚಿಮ್ಮಿತು.
ಹಪ್ಪಳ ಮುರಿದ ಸದ್ದು.

ಪುಷ್ಯದಲ್ಲಿ ಜಮಾದಾರ ಉಣ್ಣುವುದು ಬಿಟ್ಟ.
ಹಂಚಿನ ಚೂರಿನಡಿ ಕಣ್ಣು ಮುಚ್ಚಿದ.
"ಸತ್ತಿಲ್ಲಕ್ಕ, ಅದರ ಜಾತಿಗೆ ಒಂದು ನಿದ್ದಿ ಕಾಲ ಇರತೈತಿ"
ಅಂದ ಖಾಜಾವಲಿ. ಯಾವ ದೇಶದ ಚಳಿಯೋ
ನೆತ್ತರಲ್ಲಿ ಕೂತಿರುತ್ತದಂತೆ.
ಇಲ್ಲಿ ನಾವು ಫ್ಯಾನ್ ಹಾಕಿಕೊಂಡೇ ಮಲಗುತ್ತಿದ್ದೆವು.

ಚಿಮ್ಮಂಡಿಗಳಿಗೆ ಯಾರೂ ಹೇಳಲಿಲ್ಲ.
ರೆಕ್ಕೆ ಬಂತು, ಹಾಡು ಬಂತು,
ಒದ್ದೆ ಮಣ್ಣಿನ ಬಟ್ಟಲಲ್ಲಿ ಅಕ್ಕಿನುಚ್ಚಿನಂಥ ತತ್ತಿ.
ಹೊಸ್ತಿಲು ದಾಟಲಿಲ್ಲ ಅದು, ಒಳಗೇ ಹುಟ್ಟಿತು.
ನಸುಕಿಗೆ ಎದ್ದು, ಒಲೆ ಹಚ್ಚುವ ಮುಂಚೆ
ಗಜ್ಜರಿ ಹೆಚ್ಚುತ್ತಿದ್ದೆ,
ಯಾರಿಗಾಗಿ ಎಂಬ ಲೆಕ್ಕ ತಪ್ಪಿತ್ತು.
ವರ್ಷಗಟ್ಟಲೆ ನಿದ್ದೆ ಬಾರದ ಅತ್ತೆ ಗೊರಕೆ ಹೊಡೆದರು.
"ಹೊಲದಾಗ ಮಲಗಿದಂಗ ಆಗತೈತಿ."

ಶಿವರಾತ್ರಿ ಕಳೆದ ಮಂಗಳವಾರ ಗಾಜಿಗೆ ಉಗುರು ಗೀರಿತು.
ನಿಂತಿದ್ದ, ತೊಗಲು ಜೋತು, ಒಂದು ಕಾಲು ಎತ್ತಿ.
ಕೊಟ್ರೇಶ ಕುಣಿದ.
ನಾನು ಡಬ್ಬಿ ತೆಗೆದೆ. ಎಣಿಸಿದೆ. ಏಳಕ್ಕೆ ತಪ್ಪಿ
ಮತ್ತೆ ಒಂದರಿಂದ.
ಹಾಡುವ ಗಂಡುಗಳನ್ನು ಬಿಟ್ಟು
ದನಿಯಿಲ್ಲದ ಹೆಣ್ಣುಗಳನ್ನೇ ಆರಿಸಿದ್ದೆ ಅಂತ ಗೊತ್ತಾದದ್ದು
ಮುಚ್ಚಳ ಹಾಕಿ ಕುಲುಕಿದ ಮೇಲೆ.

ಪಡಸಾಲೆಯಲ್ಲಿ ಅತ್ತೆ ಎಲೆಯ ನಾರು ತೆಗೆಯುತ್ತಿದ್ದರು.
"ಕೈಗೇನ ಹತ್ತೇತಿ, ಬೆಳ್ಳಗ?"
"ಸುಣ್ಣ" ಅಂದೆ.
ಎಲೆ ಮುಂದೆ ಚಾಚಿದರು.