ಎಡ ಬೇರೆ, ಬಲ ಬೇರೆ

ನಲವತ್ತೊಂದು ಜನ ಬಂದಿದ್ದರು ನಿನ್ನೆ ರಾತ್ರಿ,
ಕೊಚ್ಕೊರಿನ ಈ ಕೋಣೆಗಲ್ಲ,
ಫೋನಿನೊಳಗಿನ ಅಂಗಡಿಗೆ.
ಒಂಬತ್ತು ಮಂದಿ ಚಪ್ಪಲಿ ಆರಿಸಿ ಬುಟ್ಟಿಗೂ ಹಾಕಿ
ಬುಟ್ಟಿ ಅಲ್ಲೇ ಬಿಟ್ಟು
ಹೇಳದೆ ಕೇಳದೆ ಎದ್ದು ಹೋದರು.
ಕೈಗೆ ಬಂದ ತುತ್ತು.

ಅನಾರ್‌ಕುಲ್ ಅತ್ತೆಗೆ ಹೇಳಿದೆ.
ಸೋಪಿನ ನೀರಲ್ಲಿ ನೆಂದ ಉಣ್ಣೆಯನ್ನು
ಮೊಣಕೈಯಿಂದ ಉರುಳಿಸುತ್ತಿದ್ದವಳು
ತಲೆ ಎತ್ತದೆ ಕೇಳಿದಳು:
"ನೀನು ಕೂಗಲಿಲ್ಲವೇ?"

ಶನಿವಾರದ ಸಂತೆಯಲ್ಲಿ ಅವಳು ಕೂಗುತ್ತಾಳೆ,
ಮುಟ್ಟಿ ಮುಂದೆ ಹೋದವರ ಬೆನ್ನಿಗೆ:
"ಏ ನೀಲಿ ಟೋಪಿ, ನಿನ್ನ ಹಿಮ್ಮಡಿ ತಣ್ಣಗಿದೆ, ಬಾ ಇಲ್ಲಿ!"
ಹತ್ತರಲ್ಲಿ ಆರು ಜನ ನಗುತ್ತ ತಿರುಗುತ್ತಾರೆ.
ಇಲ್ಲಿ ಎಲ್ಲಿಯ ಬೆನ್ನು, ಎಲ್ಲಿಯ ಟೋಪಿ?
ಒಂದು ಅಂಕಿ ಬರುತ್ತದೆ, ಒಂದು ಅಂಕಿ ಹೋಗುತ್ತದೆ.

"ಎಲ್ಲಿ, ಯಾವ ಮೆಟ್ಟಿಲಲ್ಲಿ ತಿರುಗಿ ಹೋದರು ತೋರಿಸು."
ತೋರಿಸಿದೆ. ಕಟ್ಟಕಡೆಯ ಪುಟ.
ಅಲ್ಲಿಯವರೆಗೆ ಬಚ್ಚಿಟ್ಟಿದ್ದ ಅಂಚೆಯ ಖರ್ಚು
ಚಪ್ಪಲಿಯ ಅರ್ಧ ಬೆಲೆಯಷ್ಟು,
ಬಾಗಿಲ ಹಿಂದಿನ ನಾಯಿಯಂತೆ ಮೇಲೆರಗುತ್ತಿತ್ತು.
ಅತ್ತೆ ಕೈ ಒರೆಸಿಕೊಂಡಳು.
"ನಾಯಿ ಇದೆ ಅಂತ ಗೇಟಿನಲ್ಲೇ ಬರಿ.
ಹೆದರುವವರು ಹೋಗಲಿ. ಉಳಿದವರಿಗೆ ಚಹಾ."

ಬರೆದೆ, ಮೊದಲ ಸಾಲಿನಲ್ಲೇ.

ಆಮೇಲೆ ಮಾತು.
ಬಿಷ್ಕೆಕ್‌ನ ತರಬೇತಿಯಲ್ಲಿ ಕಲಿಸಿದ್ದರು:
'ಅತ್ಯುತ್ಕೃಷ್ಟ ಪರಿಸರಸ್ನೇಹಿ ಪಾದರಕ್ಷೆ.'
ಓದಿ ಹೇಳಿದಾಗ ಅತ್ತೆ ಕೇಳಿದಳು,
ಯಾರು ಸತ್ತರು, ಯಾಕೆ ಹೀಗೆ ಮಾತಾಡುತ್ತಿದ್ದೀಯ?
ಅಳಿಸಿದೆ. ಅವಳು ಹೇಳಿದಂತೆಯೇ ಬರೆದುಕೊಂಡೆ:
'ಮೊದಲ ವಾರ ಬಿಗಿ. ಬೈಯಬೇಡಿ.
ಎರಡನೇ ವಾರ ನಿಮ್ಮ ಕಾಲನ್ನು ಗುರುತಿಸುತ್ತದೆ.
ಒದ್ದೆಯಾದರೆ ಒಲೆಯ ಹತ್ತಿರ ಇಡಬೇಡಿ,
ನನ್ನ ಗಂಡ ಇಟ್ಟಿದ್ದ.'

ಬಿಳಿ ಗೋಡೆಯ ಮುಂದಿನ ಒಣ ಚಿತ್ರಗಳನ್ನು ತೆಗೆದೆ.
ಬಿರುಕು ಬಿಟ್ಟ ಅವಳ ಹಿಮ್ಮಡಿ
ಅರ್ಧ ಒಳಗೆ, ಅರ್ಧ ಹೊರಗೆ,
ಹಿಂದೆ ಕುದಿಯುವ ಕೆಟಲು: ಅದನ್ನೇ ಹಾಕಿದೆ.
ಚಿತ್ರದ ತೂಕವನ್ನೂ ಇಳಿಸಿದೆ,
ಬೆಟ್ಟದ ಮೇಲಿನ ಒಂದೇ ಗೆರೆ ಸಿಗ್ನಲ್ಲಿಗೂ
ಅದು ಮೂರು ಉಸಿರಲ್ಲಿ ತೆರೆಯುವಷ್ಟು.

ಇಷ್ಟಾದರೂ ಹದಿನೈದು ದಿನ ಏನೂ ಆಗಲಿಲ್ಲ.
ಆಯಿತು ಅಂತ ಬರೆದರೆ ಸುಳ್ಳಾದೀತು.
ಅತ್ತೆ ಉಣ್ಣೆ ಬಡಿದಳು. ನಾನು ಅಂಕಿ ಎಣಿಸಿದೆ.

ಹದಿನಾರನೆಯ ದಿನ ನಾರ್ವೆಯಿಂದ ಒಂದು ಪತ್ರ.
ರಾಗ್ನ್‌ಫ್ರಿಡ್ ಎಂಬಾಕೆ. ಕರೆಂಟು ಬಿಲ್ಲಿನ ಹಿಂಬದಿಯಲ್ಲಿ
ಪೆನ್ಸಿಲಿನಿಂದ ಸುತ್ತು ಬರೆದ ಎರಡು ಪಾದಗಳ ಫೋಟೋ.
ಎಡ ನಲವತ್ತೊಂದು, ಬಲ ಮೂವತ್ತೆಂಟು,
ಎಳವೆಯ ಒಂದು ಜ್ವರ ಉಳಿಸಿದ ಲೆಕ್ಕ.
'ನಿಮ್ಮ ಅಂಗಡಿ ಒಂದೇ ಅಳತೆ ಕೇಳುತ್ತದೆ.
ಐವತ್ತು ವರ್ಷದಿಂದ ಎರಡೆರಡು ಜೋಡಿ ಕೊಳ್ಳುತ್ತಿದ್ದೇನೆ,
ಎರಡೆರಡು ಒಂಟಿ ಚಪ್ಪಲಿ ಎಸೆಯುತ್ತಿದ್ದೇನೆ.
ಆ ಬಿರುಕಿನ ಹಿಮ್ಮಡಿ ನೋಡಿ ಕೇಳುವ ಧೈರ್ಯ ಬಂತು.'

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ,
ಅತ್ತೆ ಹಾಸಿಗೆಯನ್ನೇ ಎಳೆದಳು.
ನೆಲದ ಮೇಲೆ ಸೀಮೆಸುಣ್ಣದಲ್ಲಿ
ದೊಡ್ಡದೊಂದು ಪಾದ, ಸಣ್ಣದೊಂದು ಪಾದ ಬರೆದು
ತಾನೇ ಅದರ ಮೇಲೆ ನಿಂತು ನೋಡಿದಳು, ತುಸು ವಾಲಿ.
"ಎರಡಕ್ಕೂ ಒಂದೇ ಕುರಿ," ಎಂದಳು.
"ಒಂದೇ ಬೆಲೆ."

ಆ ರಾತ್ರಿ ನಾನು ಒಂದು ಕಿಂಡಿ ಕೊರೆದೆ:
ಅಳತೆ, ಎಡ. ಅಳತೆ, ಬಲ.
ಎರಡು ಪುಟ್ಟ ಚೌಕ. ಅಷ್ಟೇ.
ತಿಂಗಳೊಳಗೆ ಏಳು ಜನ
ಎರಡರಲ್ಲೂ ಬೇರೆ ಬೇರೆ ಅಂಕಿ ತುಂಬಿದರು.
ಇಷ್ಟು ದಿನ ಅವರೆಲ್ಲ
ಯಾವ ಬಾಗಿಲ ಮುಂದೆ ನಿಂತಿದ್ದರೋ.

ಈಗ ರಾತ್ರಿ ಹನ್ನೊಂದು.
ಯಾರೋ ಒಬ್ಬರು ಕಂದು ಜೋಡಿಯ ಪುಟದಲ್ಲಿ
ನಾಲ್ಕು ನಿಮಿಷದಿಂದ ನಿಂತಿದ್ದಾರೆ.
ನನ್ನ ಬೆರಳು ತುರಿಸುತ್ತದೆ,
ರಿಯಾಯಿತಿಯ ಕೆಂಪು ಚೀಟಿ ತೂರಿಬಿಡಲೇ?
ಕೂಗುವುದರಲ್ಲಿ ಊರಿಗೇ ಮೊದಲಾದ ಅತ್ತೆ
ನನ್ನ ಮಣಿಕಟ್ಟು ಹಿಡಿದು ಪಿಸುಗುಟ್ಟುತ್ತಾಳೆ:
"ಶ್! ಉಣ್ಣೆ ಮುಟ್ಟಿ ನೋಡುತ್ತಿದ್ದಾರೆ."