ಮೊಳೆ

ಹೋಗುವಾಗ ಗೋಡೆಗಡಿಯಾರ ಬಿಚ್ಚಿಕೊಂಡು ಹೋದ ಝುರಾಬ್.
ಅವರಪ್ಪನದು, ಸರಿ, ಅವನಿಗೇ ಸೇರಬೇಕಾದ್ದು.
ಮೊಳೆ ಮಾತ್ರ ಉಳಿಯಿತು,
ಸುತ್ತ ಗಡಿಯಾರದಷ್ಟೇ ಅಗಲದ ಬಿಳಿ ಗುರುತು,
ಇಪ್ಪತ್ತಾರು ವರ್ಷ ಬಿಸಿಲು ಕಾಣದ ಗೋಡೆ.

ಜಗಳವೇನೂ ಆಗಲಿಲ್ಲ. ಆಗಿದ್ದರೆ
ಹೇಳಿಕೊಳ್ಳಲಿಕ್ಕೆ ಏನಾದರೂ ಇರುತ್ತಿತ್ತು.
ಪಕ್ಕದ ಮನೆಯ ನಾಜಿಬ್ರೋಲಾ ಕೇಳಿದಳು:
ಬೇರೆ ಯಾವಳಾದರೂ ಇದ್ದಾಳೇನೇ?
ಇಲ್ಲ ಎಂದೆ. ಅದೇ ಅವಳಿಗೆ ನುಂಗಲಾಗದ ತುತ್ತು.
ನನಗೂ.

ಕುತೈಸಿಯ ಆ ಚಳಿಗಾಲ
ಈರುಳ್ಳಿ ಬುಟ್ಟಿಯಲ್ಲೇ ಮೊಳೆತು ಹಸಿರು ಕೋಲಾಯಿತು,
ನಾನು ನೋಡುತ್ತ ಕೂತೆ.
ಟೈಮೆಷ್ಟು ಎನಿಸಿದಾಗೆಲ್ಲ ಕಣ್ಣು ಮೊಳೆಗೇ ಹೋಗುತ್ತಿತ್ತು.
ಮೊಳೆ ಹೇಳುವ ಹೊತ್ತು ಯಾವಾಗಲೂ ಒಂದೇ.

ಮುಟ್ಟು ನಿಂತ ವರ್ಷವೇ ಬೆಂಕಿಯ ಕೆಲಸಕ್ಕೆ ಸೇರಿದೆ.
ಬೀದಿಯ ಕೊನೆಗೆ, ರಿಯೋನಿ ಹೊಳೆಯ ಸದ್ದು ಕೇಳುವಷ್ಟು ಹತ್ತಿರ,
ಮುದುಕ ಶುಕ್ರಿಯ ರೊಟ್ಟಿಯಂಗಡಿ.
ಮಂಡಿ ಹೋಗಿತ್ತು ಅವನಿಗೆ; ಬಗ್ಗಲು ಒಬ್ಬರು ಬೇಕಿತ್ತು.
ಹೆಂಗಸರು ಇದನ್ನು ಮಾಡುವುದಿಲ್ಲ, ಎಂದ.
ಐವತ್ತೆರಡಾಯಿತು, ಇನ್ನು ಯಾರ ಲೆಕ್ಕ, ಎಂದೆ.
ಲೆಕ್ಕ ಎಂದಾಗ ನೆನಪಾಯಿತು: ಮುಚ್ಚಿಹೋದ ಲಾರಿ ಕಾರ್ಖಾನೆಯಲ್ಲಿ
ಇಪ್ಪತ್ತು ವರ್ಷ ಅದನ್ನೇ ಬರೆದವಳು ನಾನು,
ಕೂಡಿದ್ದು, ಕಳೆದದ್ದು, ಎಲ್ಲ ಬೇರೆಯವರದು.

ತೋನೆ ಎಂದರೆ ನೆಲದಲ್ಲಿ ಹೂತ ಮಣ್ಣಿನ ಬಾವಿ;
ತಳದಲ್ಲಿ ನೀರಿಲ್ಲ, ಕೆಂಡ.
ಹಿಟ್ಟನ್ನು ಬಿದಿಗೆಯ ಚಂದ್ರನ ಹಾಗೆ ಎಳೆದು
ಸೊಂಟದವರೆಗೆ ಒಳಕ್ಕೆ ತೊನೆದು
ಸುಡುವ ಗೋಡೆಗೆ ತಟ್ಟಿ
ಒಂದೇ ಉಸಿರಿನಲ್ಲಿ ಮೇಲೇಳಬೇಕು.
ಮೊದಲ ವಾರ ಹನ್ನೊಂದು ರೊಟ್ಟಿ ಕೆಂಡಕ್ಕೆ ಬಿದ್ದವು.
ಮುಂಗೈ ರೋಮ ಸುಟ್ಟು ಮಗುವಿನ ಕೈಯಂತೆ ನುಣುಪಾಯಿತು.
ಒಳಗಿನಿಂದ ಏಳುವ ಬಿಸಿ, ಹೊರಗಿನಿಂದ ಹೊಡೆಯುವ ಬಿಸಿ,
ಯಾವುದು ಯಾವುದೆಂದು ತಿಳಿಯದೆ
ಬೆಳಗಿನ ಜಾವ ನಾಲ್ಕಕ್ಕೆ ಬೆವರುತ್ತ ನಕ್ಕೆ.
ಏನು, ಎಂದ ಶುಕ್ರಿ.
ಗೋಡೆ ಹಿಡಿದುಕೊಂಡಿತು, ಎಂದೆ.

ಓತಾರಿ ಐದಕ್ಕೆ ಬರುತ್ತಿದ್ದ,
ಬತೂಮಿಗೆ ಹೊರಡುವ ಮೊದಲ ವ್ಯಾನಿನ ಚಾಲಕ.
ಸೀದದ್ದು ಕೊಡಿ, ಎನ್ನುತ್ತಿದ್ದ.
ಯಾರೂ ಕೊಳ್ಳದ್ದನ್ನು ಕೇಳಿ ಕೊಳ್ಳುವವನ ಮೇಲೆ
ಮೊದಮೊದಲು ಅನುಮಾನ: ಕನಿಕರವೋ, ಚೌಕಾಶಿಯೋ?
ಎರಡೂ ಅಲ್ಲ. ಕಪ್ಪಾದ ಅಂಚು ಮುರಿದು
ಕಣ್ಣು ಮುಚ್ಚಿ ಅಗಿಯುತ್ತಿದ್ದ, ಕರುಂ ಎಂದು.
ಅವನ ಬಲಗಿವಿ ಕೇಳದು. ಅದು ತಿಳಿಯುವ ಮೊದಲು
ಒಂದು ತಿಂಗಳು ಆ ಕಿವುಡು ಕಿವಿಗೇ ಮಾತಾಡಿದ್ದೆ:
ಝುರಾಬನ ವಿಷಯ, ಗೋಡೆಯ ವಿಷಯ, ಎಲ್ಲ.
ಹೇಳಿದ್ದು ಯಾರಿಗೂ ತಲುಪದೆ ಹಗುರಾಗಿದ್ದೆ.
ಆಮೇಲೆ ಎಡಕ್ಕೆ ಬಂದು ನಿಂತೆ.
ಏನು ಹೇಳಲಿ ಎಂದು ಹೊಳೆಯಲಿಲ್ಲ.
ಚಳಿ, ಎಂದೆ.
ಹೌದು, ಎಂದ, ಬೆಂಕಿಯ ಪಕ್ಕ ನಿಂತು.

ಮನೆಗೆ ಬಂದ ಮೊದಲ ಭಾನುವಾರ ಏನೂ ಕೇಳದೆ
ವ್ಯಾನಿನ ಕೀಲಿಗೊಂಚಲನ್ನು ಆ ಮೊಳೆಗೆ ತೂಗುಹಾಕಿದ.
ಮೈಯೆಲ್ಲ ಉರಿಯಿತು ನನಗೆ. ತೆಗೆ, ಎಂದೆ.
ಎಡಗಿವಿಗೇ ಹೇಳಿದ್ದೆ, ಕೇಳಿಸಿತು.
ತೆಗೆದ. ಮೇಜಿನ ಮೇಲಿಟ್ಟ. ಮುನಿಯಲಿಲ್ಲ.
ಚಹಾ ಕುಡಿದು ಹೋದ.

ಮೂರು ವಾರ ಕೀಲಿ ಮೇಜಿನ ಮೇಲೆಯೇ.
ನಾಲ್ಕನೆಯ ವಾರ ಕೆಲಸದಿಂದ ಬಂದವಳು
ನನ್ನ ಹಿಟ್ಟು ಮೆತ್ತಿದ ಏಪ್ರನ್ನನ್ನು ಅಲ್ಲಿ ಸಿಕ್ಕಿಸಿದೆ.
ಹಿಟ್ಟು ಉದುರಿ, ಬಿಳಿ ಗುರುತು
ಎಲ್ಲಿ ಮುಗಿಯಿತೆಂದು ತಿಳಿಯಲಿಲ್ಲ.
ಓತಾರಿ ನೋಡಿದ. ಸುಮಾರು ಹೊತ್ತು ನೋಡಿದ.
ಇನ್ನೊಂದು ಮೊಳೆ ಇದೆಯಾ ಮನೆಯಲ್ಲಿ, ಎಂದ.
ಇದೆ ಎಂದೆ. ಸುತ್ತಿಗೆ ಇಲ್ಲ;
ಅದೂ ಅವರಪ್ಪನದೇ.

ಹಾಗಾದರೆ ಕಲ್ಲು, ಎಂದ.
ರಿಯೋನಿಯಲ್ಲಿ ಬಿಳಿ ಕಲ್ಲುಗಳಿಗೇನು ಬರ.
ಆ ಮಧ್ಯಾಹ್ನವೇ ಹೊಳೆಗೆ ಇಳಿದೆವು,
ಅವನ ಎಡಕ್ಕೆ ನಾನು,
ಕೈ ತುಂಬುವಂಥದೊಂದನ್ನು ಹುಡುಕುತ್ತ.